ಗಾಡಿ ನಂಬರ್ ನೆನಪಿದೆ, ಚಾಸಿ ನಂಬರ್ ಇಲ್ಲ

ತಿಂಗಳಿಗೆ ಎರಡಾದರೂ ಇಂಥ ಫೋನ್ ಬರುತ್ತದೆ. "ಸಾರ್, ನೀವು ಹಳೇ ರೇಸ್ ಗಾಡಿಗಳನ್ನ ರೆಡಿ ಮಾಡ್ತೀರಂತೆ. ನಾನು ತೊಂಬತ್ತೆರಡರಲ್ಲಿ ಒಂದು ಗಾಡಿ ಕೊಟ್ಬಿಟ್ಟೆ. ಅದು ಈಗ ಎಲ್ಲಿದೆ ಅಂತ ಹುಡುಕಿ ಕೊಡ್ತೀರಾ?"

ನಾನು ಒಂದೇ ಪ್ರಶ್ನೆ ಕೇಳುತ್ತೇನೆ. "ಚಾಸಿ ನಂಬರ್ ಇದೆಯಾ?"

"ಗಾಡಿ ನಂಬರ್ ಇದೆ ಸಾರ್. ಅದನ್ನ ಮರೆಯೋಕಾಗುತ್ತಾ!"

ಗಾಡಿ ನಂಬರ್ ಎಲ್ಲರಿಗೂ ನೆನಪಿರುತ್ತದೆ. ಟ್ಯಾಂಕಿನ ಎಡಗಡೆ ಬಿದ್ದ ತಗ್ಗು ನೆನಪಿರುತ್ತದೆ. ಯಾವ ತಿರುವಿನಲ್ಲಿ ಬಿದ್ದಾಗ ಆ ತಗ್ಗಾಯಿತು ಅನ್ನುವುದೂ ನೆನಪಿರುತ್ತದೆ. ಮಾರಿದ ದಿನ ಮಳೆ ಬರುತ್ತಿತ್ತಾ, ಕೊಂಡವನು ಯಾವ ಬಣ್ಣದ ಅಂಗಿ ಹಾಕಿದ್ದ, ಅವನು ಮೂಲೆ ತಿರುಗಿದ ಮೇಲೂ ಸೈಲೆನ್ಸರ್ ಸದ್ದು ಎಷ್ಟು ಹೊತ್ತು ಕೇಳಿಸಿತು, ಎಲ್ಲ ಹೇಳುತ್ತಾರೆ. ಚಾಸಿ ನಂಬರ್, ಅಂದರೆ ಗಾಡಿಯ ಫ್ರೇಮಿಗೇ ಗುದ್ದಿರುವ ನಂಬರ್, ಮಾತ್ರ ಇರುವುದಿಲ್ಲ. ಅದೊಂದಿದ್ದರೆ ನನ್ನ ಕೈಲಿ ಏನಾದರೂ ಮಾಡಲು ಆಗುತ್ತಿತ್ತು.

ಬೆಂಗಳೂರಿನಲ್ಲಿ ನಾನು ಗ್ಯಾರೇಜ್ ಇಟ್ಟು 30 ವರ್ಷ ದಾಟಿದೆ. ಮೊದಲು ರೇಸಿಗೆ ಎಂಜಿನ್ ಟ್ಯೂನ್ ಮಾಡುತ್ತಿದ್ದೆ. ಈಗ ಅವೇ ಗಾಡಿಗಳನ್ನು ಮತ್ತೆ ಹೊಸದರ ಹಾಗೆ ಮಾಡಿಕೊಡುವ ಕೆಲಸವೇ ಜಾಸ್ತಿ. ಜಾವಾ, ಯೆಜ್ಡಿ, ಆರ್‌ಡಿ 350, ಆರ್‌ಎಕ್ಸ್ 100 ಬೈಕುಗಳು, ರ‍್ಯಾಲಿ ಓಡಿದ ಜಿಪ್ಸಿ, ಎಸ್ಟೀಮ್ ಕಾರುಗಳು. ಈ ಗಾಡಿಗಳ ಜೊತೆ ಬರುವ ಜನರನ್ನು ಕಂಡರೆ ನನಗೆ ಪ್ರೀತಿ. ಆದರೆ ಈ ಒಂದು ವಿಷಯದಲ್ಲಿ ಅವರ ಮೇಲೆ ನನಗೆ ಸಿಟ್ಟೂ ಬರುತ್ತದೆ. 30 ವರ್ಷದಿಂದ ಅದನ್ನೇ ಹೇಳುತ್ತಿದ್ದೇನೆ. ಇವತ್ತು ಬರೆದೇ ಬಿಡುತ್ತೇನೆ.

ಮಾರಬೇಡಿ ಅಂತ ನಾನು ಹೇಳುತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಮನೆಗೆ ದುಡ್ಡು ಬೇಕಿರುತ್ತದೆ. ತಂಗಿ ಮದುವೆ ಇರುತ್ತದೆ, ಸೈಟಿನ ಕಂತು ಕಟ್ಟಬೇಕಿರುತ್ತದೆ. ಮಗು ಹುಟ್ಟಿದ ಮೇಲೆ ಎರಡು ಸ್ಟ್ರೋಕ್ ರೇಸ್ ಬೈಕ್ ಯಾರಿಗೆ ಬೇಕು? ಅವತ್ತು ಅದನ್ನು ಮಾರಿದ್ದು ಸರಿಯೇ ಇತ್ತು. ಮಾರದೆ ಶೆಡ್ಡಿನಲ್ಲಿ ಟಾರ್ಪಾಲ್ ಹೊದಿಸಿ 20 ವರ್ಷ ಬಿಟ್ಟ ಗಾಡಿಗಳನ್ನೂ ನಾನು ನೋಡಿದ್ದೇನೆ. ಟ್ಯಾಂಕ್ ಒಳಗೆ ತುಕ್ಕು, ಬ್ರೇಕ್ ಸಿಲಿಂಡರ್ ಜಾಮ್, ಸೀಟಿನೊಳಗೆ ಇಲಿ ಗೂಡು. ಹಾಗೆ ಇಟ್ಟುಕೊಳ್ಳುವುದಕ್ಕಿಂತ ಓಡಿಸುವವರ ಕೈಗೆ ಕೊಡುವುದು ಗಾಡಿಗೂ ಒಳ್ಳೆಯದು. ನನ್ನ ಮಾತು ಇಷ್ಟೇ. ಕೊಡುವ ಮೊದಲು ಅದರ ಗುರುತನ್ನು ಇಟ್ಟುಕೊಳ್ಳಿ.

ಗಾಡಿ ನಂಬರ್ ಅಂದರೆ ಸರ್ಕಾರ ಕೊಟ್ಟ ಹೆಸರು. ಅದು ಬದಲಾಗುತ್ತದೆ. ಬೆಂಗಳೂರಿನ ಬೈಕನ್ನು ಕೊಯಮತ್ತೂರಿನವರು ಕೊಂಡರು ಅಂತ ಇಟ್ಟುಕೊಳ್ಳಿ. ಇಲ್ಲಿನ ಆರ್‌ಟಿಒ ಎನ್ಒಸಿ ಕೊಡುತ್ತದೆ. ಅಲ್ಲಿ ಹೊಸದಾಗಿ ರಿಜಿಸ್ಟರ್ ಆಗುತ್ತದೆ, ಟಿಎನ್ ನಂಬರ್ ಬರುತ್ತದೆ. ನಿಮಗೆ ಬಾಯಿಪಾಠ ಇರುವ ಆ ಹಳೆಯ ಸಿಎ ಸರಣಿಯ ನಂಬರ್ ಅವತ್ತಿಗೆ ಮುಗಿಯಿತು. ಆಮೇಲೆ ಅದೇ ಗಾಡಿ ನಿಮ್ಮ ಪಕ್ಕದಲ್ಲೇ ಸಿಗ್ನಲ್‌ನಲ್ಲಿ ನಿಂತರೂ ನಿಮಗೆ ಗೊತ್ತಾಗುವುದಿಲ್ಲ. ಬಣ್ಣ ಬದಲಾಗಿರುತ್ತದೆ. ಟ್ಯಾಂಕ್ ಬದಲಾಗಿರುತ್ತದೆ, ನಿಮ್ಮ ತಗ್ಗೂ ಅದರ ಜೊತೆ ಹೋಗಿರುತ್ತದೆ.

ಕೆಲವರು ಮೊಬೈಲ್ ತೆಗೆದು ಗಾಡಿ ನಂಬರ್ ಹಾಕಿ ನೋಡುತ್ತಾರೆ. ಏನೂ ಬರುವುದಿಲ್ಲ. "ಸ್ಕ್ರ್ಯಾಪ್ ಆಗಿರಬೇಕು ಸಾರ್" ಅಂತ ಕಣ್ಣು ತುಂಬಿಕೊಳ್ಳುತ್ತಾರೆ. ಅಷ್ಟು ಬೇಗ ಆ ತೀರ್ಮಾನಕ್ಕೆ ಬರಬೇಡಿ. 1989ಕ್ಕಿಂತ ಮುಂಚಿನ, ಅಂದರೆ ಕೆಎ ಬರುವ ಮುಂಚಿನ ಎಂವೈ, ಸಿಎ ನಂಬರಿನ ಎಷ್ಟೋ ಗಾಡಿಗಳ ದಾಖಲೆ ಇನ್ನೂ ಹಳೆಯ ರಿಜಿಸ್ಟರ್ ಪುಸ್ತಕದಲ್ಲೇ ಇದೆ. ಯಾರಾದರೂ ಹೋಗಿ ಅರ್ಜಿ ಕೊಟ್ಟು ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಿದರೆ ಮಾತ್ರ ಕಂಪ್ಯೂಟರಿಗೆ ಬರುತ್ತದೆ. ಕಂಪ್ಯೂಟರಿನಲ್ಲಿ ಇಲ್ಲ ಅಂದರೆ ಗಾಡಿಯೇ ಇಲ್ಲ ಅಂತ ಅರ್ಥ ಅಲ್ಲ.

ಚಾಸಿ ನಂಬರ್ ಹಾಗಲ್ಲ. ಅದನ್ನು ಕಾರ್ಖಾನೆಯಲ್ಲಿ ಕಬ್ಬಿಣಕ್ಕೆ ಗುದ್ದಿರುತ್ತಾರೆ. ಎಷ್ಟು ಸಲ ರಾಜ್ಯ ಬದಲಾದರೂ, ಎಷ್ಟು ಸಲ ಬಣ್ಣ ಹೊಡೆದರೂ, ಫ್ರೇಮ್ ಇರುವವರೆಗೆ ಆ ನಂಬರ್ ಇರುತ್ತದೆ. ಹೊಸ ಆರ್‌ಸಿಯಲ್ಲೂ ಅದೇ ಬರುತ್ತದೆ. ಹುಡುಕುವವನಿಗೆ ಅದೊಂದೇ ಗಟ್ಟಿ ಗುರುತು.

ಅದನ್ನು ಎಲ್ಲಿ ನೋಡುವುದು ಅಂತ ಕೇಳುತ್ತಾರೆ. ಹಳೆಯ ಬೈಕುಗಳಲ್ಲಿ ಹ್ಯಾಂಡಲ್ ಕೆಳಗೆ, ಫ್ರೇಮಿನ ತಲೆಭಾಗದಲ್ಲಿ ಇರುತ್ತದೆ. ಹ್ಯಾಂಡಲ್ ಪೂರ್ತಿ ಒಂದು ಕಡೆಗೆ ತಿರುಗಿಸಿ ಟಾರ್ಚ್ ಹಾಕಿ. ಮಾರುತಿ 800 ಆದರೆ ಬಾನೆಟ್ ಎತ್ತಿ, ಎಂಜಿನ್ ಹಿಂದಿನ ತಗಡಿನ ಗೋಡೆ ನೋಡಿ. ಜಿಪ್ಸಿಯಂಥ ಗಾಡಿಯಲ್ಲಿ ಕೆಳಗಿನ ಫ್ರೇಮಿನ ಮೇಲೆ ಇರುತ್ತದೆ, ಮಣ್ಣು ಕೆರೆಯಬೇಕಾಗುತ್ತದೆ. ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆಯೋ ಡೀಸೆಲ್ಲೋ ಹಾಕಿ ಮೆತ್ತಗೆ ಒರೆಸಿ. ಸ್ಯಾಂಡ್ ಪೇಪರ್ ಹಾಕಬೇಡಿ. ದಯವಿಟ್ಟು ಹಾಕಬೇಡಿ. ಒಂದು ಗೀರು ಬಿದ್ದರೂ ನಾಳೆ ಯಾರೋ ನಂಬರ್ ತಿದ್ದಿದ ಹಾಗೆ ಕಾಣುತ್ತದೆ. ಸರಿಯಾದ ಗಾಡಿಯನ್ನೇ ಅನುಮಾನದಿಂದ ನೋಡುವಂತಾಗುತ್ತದೆ.

ಈಗ ಆ ಅಂಕಿಗಳ ಮೇಲೆ ಮೆತ್ತನೆಯ ಪೆನ್ಸಿಲ್ ಉಜ್ಜಿ. ಅದರ ಮೇಲೆ ಅಗಲವಾದ ಸೆಲೋಟೇಪ್ ಒತ್ತಿ, ಉಗುರಿನಿಂದ ತೀಡಿ. ನಿಧಾನಕ್ಕೆ ಎತ್ತಿ ಬಿಳಿ ಹಾಳೆಗೆ ಅಂಟಿಸಿ. ಇದನ್ನೇ ಚಾಸಿ ಪ್ರಿಂಟ್ ಅನ್ನುತ್ತಾರೆ. ಆರ್‌ಟಿಒ ಕೆಲಸಕ್ಕೂ ಇನ್ಶೂರೆನ್ಸ್ ಕೆಲಸಕ್ಕೂ ದಿನಾ ಮಾಡುವುದೇ. ಬರೆದುಕೊಂಡರೆ ಸಾಕಲ್ವಾ ಅಂತೀರಿ. ಸಾಲದು. ಬರೆಯುವಾಗ 3 ಹೋಗಿ 8 ಆಗುತ್ತದೆ, 1 ಹೋಗಿ 7 ಆಗುತ್ತದೆ. ಪ್ರಿಂಟಿನಲ್ಲಿ ಆ ಕಾರ್ಖಾನೆಯ ಅಕ್ಷರದ ಆಕಾರವೇ ಬರುತ್ತದೆ. ಯಾವ ಅಂಕಿ ಸ್ವಲ್ಪ ಓರೆ ಬಿದ್ದಿದೆ, ಯಾವುದು ಆಳ ಬಿದ್ದಿದೆ ಅನ್ನುವುದೂ ಬರುತ್ತದೆ. ಮುಂದೆ ಯಾರಾದರೂ ನಂಬರ್ ತೀಡಿ ಬೇರೆ ಗುದ್ದಿದ್ದರೆ ಆ ಓರೆಯಿಂದಲೇ ಸಿಕ್ಕಿಬೀಳುತ್ತದೆ. ಎಂಜಿನ್ ನಂಬರಿಗೂ ಇದೇ ರೀತಿ ಪ್ರಿಂಟ್ ತೆಗೆಯಿರಿ. ಫೋಟೋನೂ ತೆಗೆಯಿರಿ, ಆದರೆ ಫೋಟೋ ಫೋನಿನ ಜೊತೆ ಹೋಗುತ್ತದೆ. ಹಾಳೆ ಮನೆಯ ಕಾಗದಪತ್ರದ ಜೊತೆ ಉಳಿಯುತ್ತದೆ.

ಇಷ್ಟಕ್ಕೆ 10 ನಿಮಿಷ ಸಾಕು. ಈ 10 ನಿಮಿಷಕ್ಕಾಗಿ 30 ವರ್ಷ ಪರದಾಡುವವರು ನನ್ನ ಬೆಂಚಿನ ಮೇಲೆ ಬಂದು ಕೂರುತ್ತಾರೆ.

ಈಗಾಗಲೇ ಮಾರಿಬಿಟ್ಟವರಿಗೂ ಒಂದು ಮಾತು. ಮನೆಯಲ್ಲಿ ಹುಡುಕಿ. ಹಳೆಯ ಇನ್ಶೂರೆನ್ಸ್ ಪಾಲಿಸಿಯಲ್ಲಿ ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ಇರುತ್ತವೆ. ಹೊಸದಾಗಿ ಕೊಂಡಾಗಿನ ಬಿಲ್ಲಿನಲ್ಲಿ ಇರುತ್ತದೆ. ಸಾಲ ಮಾಡಿ ಕೊಂಡಿದ್ದರೆ ಬ್ಯಾಂಕಿನ ಕಾಗದದಲ್ಲಿ ಇರುತ್ತದೆ. ಏನೂ ಸಿಗದಿದ್ದರೆ ಮೊದಲು ರಿಜಿಸ್ಟರ್ ಆದ ಆರ್‌ಟಿಒದಲ್ಲಿ, ರಿಜಿಸ್ಟರಿನಲ್ಲಿರುವ ವಿವರದ ನಕಲಾದ ಬಿ ಎಕ್ಸ್‌ಟ್ರ್ಯಾಕ್ಟಿಗೆ ಅರ್ಜಿ ಹಾಕಿ ನೋಡಬಹುದು. ಹಳೆಯ ಪುಸ್ತಕ ಉಳಿದಿದ್ದರೆ ಸಿಗುತ್ತದೆ, ಎಲ್ಲ ಕಡೆಯೂ ಉಳಿದಿರುವುದಿಲ್ಲ. ಈಗಿನ ಮಾಲೀಕರ ವಿವರ ಕೊಡುತ್ತಾರೋ ಇಲ್ಲವೋ ಅನ್ನುವುದು ಅವರಿಗೆ ಬಿಟ್ಟದ್ದು. ನಾನು ಮೆಕ್ಯಾನಿಕ್, ವಕೀಲನಲ್ಲ. ಈ ವಿಷಯದಲ್ಲಿ ತಿಳಿದವರನ್ನು ಕೇಳಿಕೊಂಡೇ ಹೋಗಿ.

ಇನ್ನೊಂದು ಎಡವಟ್ಟು ನಮ್ಮ ಕಾಲದ ಮಾರಾಟದ ರೀತಿಯಲ್ಲೇ ಇತ್ತು. ಖಾಲಿ ಫಾರಂಗೆ ಸಹಿ ಹಾಕಿ, ಗಾಡಿ ಕೀ ಜೊತೆ ಬ್ರೋಕರ್ ಕೈಗೆ ಕೊಟ್ಟುಬಿಡುತ್ತಿದ್ದರು. ಕೊಂಡವರು ಯಾರು ಅನ್ನುವುದೇ ಗೊತ್ತಿರುತ್ತಿರಲಿಲ್ಲ. ಈಗಲೂ ಹಾಗೆ ಮಾಡುವವರಿದ್ದಾರೆ. ಇದು ನೆನಪಿನ ವಿಷಯ ಮಾತ್ರ ಅಲ್ಲ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆ ಅವರದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಗಾಡಿ ಆಗಲೇ ನಾಲ್ಕು ಕೈ ಬದಲಾಗಿದ್ದ ಪ್ರಕರಣ ಅದು. ಆದ್ದರಿಂದ 29, 30ನೇ ನಮೂನೆ ಸರಿಯಾಗಿ ತುಂಬಿಸಿ, ಹೆಸರು ವರ್ಗಾವಣೆ ಆಗುವವರೆಗೆ ಬೆನ್ನು ಹತ್ತಿ. ಕೊಂಡವರ ಹೆಸರು, ವಿಳಾಸ ಇಟ್ಟುಕೊಳ್ಳಿ. ಮುಂದೊಂದು ದಿನ ವಾಪಸ್ ಕೇಳಲು ಹೋಗಬೇಕು ಅನ್ನಿಸಿದರೆ ದಾರಿ ಶುರುವಾಗುವುದೇ ಅಲ್ಲಿಂದ.

ಮಾರಿ ಆಮೇಲೆ ಕೊರಗುವುದು ದೊಡ್ಡವರಿಗೂ ಆಗಿದೆ. ಹಾಲಿವುಡ್ ನಟ ಸ್ಟೀವ್ ಮೆಕ್ವೀನ್ ಬಳಿ ಜಾಗ್ವಾರ್ ಎಕ್ಸ್‌ಕೆಎಸ್‌ಎಸ್ ಇತ್ತು. ರೇಸಿಗೆಂದೇ ಮಾಡಿದ ಡಿ-ಟೈಪ್ ಕಾರನ್ನು ರಸ್ತೆಗೆ ತಕ್ಕಂತೆ ಬದಲಿಸಿದ್ದು ಅದು. 1957ರ ಫೆಬ್ರವರಿಯಲ್ಲಿ ಜಾಗ್ವಾರ್ ಕಾರ್ಖಾನೆಗೆ ಬೆಂಕಿ ಬಿತ್ತು. ಹಾಗಾಗಿ ಅವತ್ತು ತಯಾರಾಗಿ ಹೊರಬಂದದ್ದು 16 ಮಾತ್ರ. ಮೆಕ್ವೀನ್ ತಮ್ಮ ಕಾರನ್ನು ನೆವಾಡಾದ ಒಬ್ಬ ದೊಡ್ಡ ಕಾರು ಸಂಗ್ರಹಕಾರರಿಗೆ ಕೊಟ್ಟರು. ಆಮೇಲೆ ತಡೆಯಲಾರದೆ ವಾಪಸ್ ಪಡೆದರು. ಈಗ ಅದು ಲಾಸ್ ಏಂಜಲೀಸಿನ ಪೀಟರ್ಸನ್ ಮ್ಯೂಸಿಯಂನಲ್ಲಿದೆ. ಅವರಿಗೆ ಅದು ವಾಪಸ್ ಸಿಕ್ಕಿತು, ಏಕೆಂದರೆ ಅದು ಎಲ್ಲಿದೆ, ಯಾರ ಬಳಿ ಇದೆ ಅಂತ ಗೊತ್ತಿತ್ತು. ಎಷ್ಟೋ ವರ್ಷದ ಮೇಲೆ ಜಾಗ್ವಾರ್‌ನವರು, ಬೆಂಕಿಯಲ್ಲಿ ಹೋದವುಗಳ ಬದಲಿಗೆ ಅಂತ ಹೊಸದಾಗಿ 9 ಕಾರು ಮಾಡಿದರು. ಅವಕ್ಕೆ ನಂಬರ್ ಎಲ್ಲಿಂದ ತಂದರು ಗೊತ್ತಾ? ಹಳೆಯ ಎಕ್ಸ್‌ಕೆಎಸ್‌ಎಸ್ ಚಾಸಿ ದಾಖಲೆ ಪುಸ್ತಕದಿಂದಲೇ.

ಇಟಲಿಯ ರೇಸ್ ಕಾರು ಫೆರಾರಿ 250 ಜಿಟಿಒ ವಿಷಯದಲ್ಲೂ ಹಾಗೆಯೇ. ಅದರಲ್ಲಿ ಒಂದು ಕಾರನ್ನು ಟೆಕ್ಸಸ್‌ನ ಒಂದು ಹೈಸ್ಕೂಲಿಗೆ ದಾನ ಕೊಟ್ಟಿದ್ದರು, ಮಕ್ಕಳು ಮೆಕ್ಯಾನಿಕ್ ಕೆಲಸ ಕಲಿಯಲಿ ಅಂತ. ಶಾಲೆ ಅದನ್ನು 1972ರಲ್ಲಿ ಕೆಲವೇ ಸಾವಿರ ಡಾಲರಿಗೆ ಮಾರಿತು. ಆಮೇಲೆ ಎಷ್ಟೋ ವರ್ಷ ಅದು ಒಹಾಯೊದ ಒಂದು ಹೊಲದಲ್ಲಿ, ತೆರೆದ ಟ್ರೇಲರ್ ಮೇಲೆ ಮಳೆ ಹಿಮಕ್ಕೆ ಮೈಯೊಡ್ಡಿ ನಿಂತಿತ್ತು. ಅದೇ ಮಾದರಿಯ ಇನ್ನೊಂದು ಕಾರು 2018ರ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು. ಈ ಕಾರುಗಳ ಬಗ್ಗೆ ಮಾತಾಡುವವರು ಬಣ್ಣವನ್ನೋ ನಂಬರ್ ಪ್ಲೇಟನ್ನೋ ಹೇಳುವುದಿಲ್ಲ, ಚಾಸಿ ನಂಬರಿನಿಂದಲೇ ಕರೆಯುತ್ತಾರೆ. 3589 ಅಂದರೆ ಆ ಶಾಲೆಯ ಕಾರು.

ನಮ್ಮ ಆರ್‌ಎಕ್ಸ್ 100ಕ್ಕೂ ಅದೇ ಮರ್ಯಾದೆ ಸಿಗಬೇಕು ಅನ್ನುವುದು ನನ್ನ ಆಸೆ.

ಶೋಲವರಂ ಅಂದರೆ ಈಗಿನ ಹುಡುಗರಿಗೆ ಗೊತ್ತಿಲ್ಲ. ಮದ್ರಾಸಿನ ಹೊರಗೆ, ಎರಡನೇ ಮಹಾಯುದ್ಧದ ಕಾಲದ ವಿಮಾನದ ಓಡುದಾರಿ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನವರು ಅಲ್ಲಿ ರೇಸ್ ನಡೆಸುತ್ತಿದ್ದರು. 1990ರಲ್ಲಿ ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟೈಯಲ್ಲಿ ಹೊಸ ಟ್ರ್ಯಾಕ್ ಆಗುವವರೆಗೆ ದಕ್ಷಿಣದ ಹುಡುಗರಿಗೆ ಅದೇ ಕಾಶಿ. ಬೆಂಗಳೂರಿನಿಂದ ನಮ್ಮವರು ಬೈಕ್ ಓಡಿಸಿಕೊಂಡೇ ಹೋಗುತ್ತಿದ್ದರು. ಅಲ್ಲಿ ಹೆಡ್‌ಲೈಟ್, ಮಡ್‌ಗಾರ್ಡ್, ಸೈಲೆನ್ಸರ್ ಬಿಚ್ಚಿ ಗೋಣಿಚೀಲದಲ್ಲಿ ಕಟ್ಟಿಡುವುದು. ರೇಸ್ ಮುಗಿದ ಮೇಲೆ ಮತ್ತೆ ಹಾಕಿಕೊಂಡು ವಾಪಸ್. ನಾನು ಆಗ ಉಸ್ತಾದರ ಕೈಕೆಳಗೆ ಸ್ಪ್ಯಾನರ್ ಹಿಡಿಯುವ ಹುಡುಗ. ಆ ಗೋಣಿಚೀಲ ಕಾಯುವುದು ನನ್ನ ಕೆಲಸ.

ಆ ಗೋಣಿಚೀಲಗಳೆಲ್ಲ ಕೊನೆಗೆ ಏನಾದವು ಅಂತ ಈಗ ಯೋಚಿಸುತ್ತೇನೆ. ಶಿವಾಜಿನಗರದ ಗುಜರಿಗೆ ಹೋದವು. ಒರಿಜಿನಲ್ ಸೈಲೆನ್ಸರ್, ಒರಿಜಿನಲ್ ಕಾರ್ಬೊರೇಟರ್, ಕಂಪನಿಯ ಟೂಲ್ ಕಿಟ್, ಎಲ್ಲ ತೂಕದ ಲೆಕ್ಕದಲ್ಲಿ. ಇವತ್ತು ಅದೇ ಸೈಲೆನ್ಸರ್ ಹುಡುಕಿಕೊಂಡು ಜನ ಜೆಸಿ ರಸ್ತೆಯ ಅಂಗಡಿ ಅಂಗಡಿ ಸುತ್ತುತ್ತಾರೆ. ಗಾಡಿ ಮಾರುವಾಗ ಅಟ್ಟದ ಮೇಲಿನ ಚೀಲವನ್ನೂ ಗಾಡಿ ಜೊತೆಗೇ ಕೊಟ್ಟುಬಿಡಿ. ಇಟ್ಟುಕೊಂಡರೆ ನಿಮ್ಮ ಮನೆಯಲ್ಲಿ ಅದು ಕಸ, ಕೊಂಡವನಿಗೆ ಅದು ಬಂಗಾರ.

ವಾಪಸ್ ಕೊಳ್ಳಲು ಹೊರಟವರಿಗೆ ಒಂದು ಎಚ್ಚರಿಕೆ. ಆರ್‌ಎಕ್ಸ್ 100 ತಯಾರಾಗಿದ್ದು 1985ರಿಂದ 1996ರವರೆಗೆ. ಆಮೇಲೆ ಬಂದ ಆರ್‌ಎಕ್ಸ್‌ಜಿ, ಆರ್‌ಎಕ್ಸ್ 135 ನೋಡಲು ಹೆಚ್ಚುಕಡಿಮೆ ಹಾಗೇ ಇವೆ. ಟ್ಯಾಂಕ್, ಸ್ಟಿಕರ್, ಸೈಡ್ ಕವರ್ ಬದಲಿಸಿ ಆರ್‌ಎಕ್ಸ್ 100 ಅಂತ ಮಾರುವವರಿದ್ದಾರೆ. ಪಶ್ಚಾತ್ತಾಪದಲ್ಲಿ ಇರುವವನಷ್ಟು ಸುಲಭದ ಗಿರಾಕಿ ಇನ್ನೊಬ್ಬನಿಲ್ಲ. ಸೀಟ್ ಮೇಲೆ ಕೂತ ಕೂಡಲೇ ಹತ್ತೊಂಬತ್ತು ವರ್ಷದವನಾಗಿಬಿಡುತ್ತಾನೆ. ಆ ಹೊತ್ತಿನಲ್ಲಿ ದುಡ್ಡು ಕೊಡಬೇಡಿ. ಮನೆಗೆ ಬಂದು ಊಟ ಮಾಡಿ ಮಲಗಿ. ಮಾರನೆ ದಿನ ತಿಳಿದವರನ್ನು ಕರೆದುಕೊಂಡು ಹೋಗಿ, ಆರ್‌ಸಿ ಹಿಡಿದು ಫ್ರೇಮಿನ ಒಂದೊಂದು ಅಂಕಿಯನ್ನೂ ಓದಿ. ಮತ್ತೆ ರೆಡಿ ಮಾಡಿಸುವಾಗ ಫ್ರೇಮನ್ನು ಸ್ಯಾಂಡ್ ಬ್ಲಾಸ್ಟಿಂಗಿಗೆ, ಅಂದರೆ ಮರಳು ಹೊಡೆದು ತುಕ್ಕು, ಬಣ್ಣ ತೆಗೆಯುವುದಕ್ಕೆ, ಕಳಿಸುವ ಮುಂಚೆ ನಂಬರಿನ ಜಾಗಕ್ಕೆ ದಪ್ಪ ಟೇಪ್ ಸುತ್ತಿಸಿ. ಒಂದು ನಿಮಿಷದ ಅಸಡ್ಡೆಗೆ ಅಂಕಿಗಳು ಸವೆದುಹೋಗುತ್ತವೆ. ಪೌಡರ್ ಕೋಟಿಂಗ್ ಆದರೆ ಅಂಕಿಗಳೊಳಗೆ ಬಣ್ಣ ತುಂಬಿಕೊಳ್ಳುತ್ತದೆ. ನೀವೇ ಮತ್ತೆ ಗುದ್ದಿಸಲು ಹೋಗಬೇಡಿ, ಆರ್‌ಟಿಒ ಅನುಮತಿ ಇಲ್ಲದೆ ಅದು ಅಪರಾಧ.

50 ವರ್ಷ ದಾಟಿದ ಗಾಡಿಗಳಿಗೆ 2021ರಿಂದ ಬೇರೆ ನಿಯಮ ಇದೆ. ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ಆಗಿರಬೇಕು, ಮೂಲ ರೂಪದಲ್ಲಿ ಇರಬೇಕು. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಮಾಡಿರಬಾರದು. ಅಂಥದ್ದಕ್ಕೆ ಹೊಸದಾಗಿ ರಿಜಿಸ್ಟರ್ ಮಾಡಿಸಿದರೆ ನಂಬರಿನಲ್ಲಿ ವಿಎ ಅನ್ನುವ ಅಕ್ಷರ ಬರುತ್ತದೆ, ಶುಲ್ಕ 20,000 ರೂಪಾಯಿ, 10 ವರ್ಷ ನಡೆಯುತ್ತದೆ. ದಿನಾ ಆಫೀಸಿಗೆ ಓಡಿಸುವಂತಿಲ್ಲ. ಅರವತ್ತರ ದಶಕದ ಮೈಸೂರು ಜಾವಾಗಳು ಈ ಲೆಕ್ಕಕ್ಕೆ ಬರುತ್ತವೆ. ಇಲ್ಲೂ ನೋಡಿ, ಕೊನೆಗೆ ಮಾತು ಚಾಸಿಗೇ ಬಂದು ನಿಲ್ಲುತ್ತದೆ. ಶುಲ್ಕ, ನಿಯಮ ಆಗಾಗ ಬದಲಾಗುತ್ತವೆ. ಹೋಗುವ ಮೊದಲು ಒಮ್ಮೆ ವಿಚಾರಿಸಿಕೊಳ್ಳಿ.

ಮೈಸೂರು ಅಂದಾಗ ಒಬ್ಬ ಅಜ್ಜಿ ನೆನಪಾಗುತ್ತಾರೆ. ಅವರ ಯಜಮಾನರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆಮೇಲೆ ಅವರು ಹೆಚ್ಚು ದಿನ ಇರಲಿಲ್ಲ. ಅವರ ಜಾವಾ ಹಿತ್ತಲಲ್ಲಿ ನಿಂತಿತ್ತು. ಮಗ ಅದನ್ನು ಮಾರಲು ನನ್ನನ್ನು ಕರೆಸಿದ್ದರು. ನಾನು ಗಾಡಿ ನೋಡಿ, ಕಾಗದ ಏನಾದರೂ ಇದೆಯಾ ಅಂದೆ. ಮಗ ಇಲ್ಲ ಅಂದರು. ಅಜ್ಜಿ ಒಳಗೆ ಹೋಗಿ ಒಂದು ತಗಡಿನ ಟ್ರಂಕ್ ಎಳೆದು ತಂದರು. ರೇಷ್ಮೆ ಸೀರೆಯ ಕೆಳಗೆ, ನುಸಿಗುಳಿಗೆಯ ವಾಸನೆಯ ನಡುವೆ, ಗಾಡಿಯ ಮೊದಲ ಬಿಲ್ಲು, ಟೂಲ್ ಇಡುವ ಬಟ್ಟೆಯ ಸುರುಳಿ, ಕಂಪನಿ ಕೈಪಿಡಿ, ಯಜಮಾನರು ಗುಡ್ಡದ ಮೇಲೆ ಗಾಡಿ ಹತ್ತಿಸುವ ಸ್ಪರ್ಧೆಯಲ್ಲಿ ನಿಂತ ಒಂದು ಫೋಟೋ. ಫೋಟೋದ ಹಿಂದೆ ಪೆನ್ಸಿಲ್ಲಿನಲ್ಲಿ ತಾರೀಖು.

"ಇದೂ ಗಾಡಿ ಜೊತೆ ಹೋಗ್ಬೇಕು ಕಣಪ್ಪಾ," ಅಂದರು. "ಇವೆಲ್ಲ ಇಲ್ದೆ ಅದು ಯಾರ್ದು ಅಂತ ಹೆಂಗೆ ಗೊತ್ತಾಗುತ್ತೆ?"

ನನ್ನ 30 ವರ್ಷದ ಮಾತನ್ನು ಅವರು ಒಂದೇ ಸಲಕ್ಕೆ ಹೇಳಿಬಿಟ್ಟಿದ್ದರು. ಆ ಫೋಟೋವನ್ನು ಮಾತ್ರ ಅವರಿಗೇ ಬಿಟ್ಟು, ಅದರ ಪ್ರತಿ ಮಾಡಿಸಿ ಗಾಡಿ ಜೊತೆ ಇಟ್ಟೆವು.

ಟ್ರೋಫಿ, ಹೆಲ್ಮೆಟ್, ರ‍್ಯಾಲಿ ಪ್ಲೇಟ್‌ಗಳ ವಿಷಯವೂ ಇದೇ. ಸಕಲೇಶಪುರದ ಕಡೆಯ ಒಬ್ಬ ಪ್ಲಾಂಟರ್, ಕರ್ನಾಟಕದ ಕೆ-1000 ಕಾರು ರ‍್ಯಾಲಿ ಓಡಿದವರು, ತೀರಿಕೊಂಡರು. ವರ್ಷದೊಳಗೆ ಮನೆ ಖಾಲಿ ಮಾಡುವಾಗ ಟ್ರೋಫಿಗಳೆಲ್ಲ ಹಿತ್ತಾಳೆ ಲೆಕ್ಕದಲ್ಲಿ ಹೋದವು. ರೋಡ್ ಬುಕ್, ಟೈಮ್ ಕಾರ್ಡ್, ಸ್ಪರ್ಧೆಯ ಲೈಸೆನ್ಸ್ ರದ್ದಿಗೆ ಹೋದವು. ಹೆಲ್ಮೆಟ್ ತೋಟದ ಆಳಿನ ಮಗನಿಗೆ. ಹೊರದೇಶದಲ್ಲಿರುವ ಅವರ ಮಗಳು ಎರಡು ವರ್ಷ ಬಿಟ್ಟು ನನಗೆ ಫೋನ್ ಮಾಡಿದರು. "ಅಪ್ಪನ ಟ್ರೋಫಿ ಯಾವುದಾದ್ರೂ ಎಲ್ಲಾದ್ರೂ ಸಿಗುತ್ತಾ ಅಂಕಲ್?" ಸಿಗಬಹುದಮ್ಮ, ಆದರೆ ಮಾರುವವರು ಹೆಸರಿನ ತಗಡು ಬಿಚ್ಚಿಯೇ ಮಾರುತ್ತಾರೆ. ತಗಡು ಹೋದ ಮೇಲೆ ಅದು ಯಾರ ಟ್ರೋಫಿಯಾದರೂ ಆಗಬಹುದು.

ಮನೆಯವರನ್ನು ನಾನು ಬೈಯುವುದಿಲ್ಲ. ಸತ್ತವರ ವಸ್ತುಗಳ ನಡುವೆ ದಿನಾ ಓಡಾಡುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಬೈಯುವುದಾದರೆ ಓಡಿಸಿದವರನ್ನೇ ಬೈಯಬೇಕು. ಯಾವುದು ಏನು ಅಂತ ಬದುಕಿದ್ದಾಗಲೇ ಒಂದು ಹಾಳೆಯಲ್ಲಿ ಬರೆದಿಡಬೇಕಿತ್ತು. ಬೇಲೂರಿನ ಹತ್ತಿರ ಆಕ್ಸಲ್ ಮುರಿದುಕೊಂಡು, ಹಳ್ಳಿಯ ಕಮ್ಮಾರನ ಕೈಲಿ ಬೆಸುಗೆ ಹಾಕಿಸಿಕೊಂಡು ರ‍್ಯಾಲಿ ಮುಗಿಸಿದ ಕಥೆ ಅವರು ನನಗೆ ಹತ್ತು ಸಲ ಹೇಳಿದ್ದರು. ಮನೆಯಲ್ಲಿ ಒಂದು ಸಲವೂ ಹೇಳಿರಲಿಲ್ಲ. ಆ ಟೈಮ್ ಕಾರ್ಡಿನಲ್ಲಿ ತಡವಾದ ನಿಮಿಷಗಳು ಬರೆದಿದ್ದವು. ಗೊತ್ತಿಲ್ಲದವರಿಗೆ ಅದು ಎಣ್ಣೆ ಮೆತ್ತಿದ ಹಳೆಯ ಕಾರ್ಡು.

ನಾನೂ ಒಂದನ್ನು ಕಳೆದುಕೊಂಡಿದ್ದೇನೆ. ನಮ್ಮ ಉಸ್ತಾದರ ನೋಟ್‌ಬುಕ್. ಶೋಲವರಂನ ಒಂದೊಂದು ರೇಸಿಗೂ ಯಾವ ಗಾಡಿಯ ಕಾರ್ಬೊರೇಟರಿಗೆ ಯಾವ ಮೇನ್ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತಿರುಪು) ಹಾಕಿದ್ದರು, ಬಿಸಿಲು ಹೇಗಿತ್ತು, ಪ್ಲಗ್ ಯಾವ ಬಣ್ಣಕ್ಕೆ ತಿರುಗಿತು, ಎಲ್ಲ ಬರೆದಿದ್ದರು. ಗ್ಯಾರೇಜ್ ಜಾಗ ಬದಲಿಸುವಾಗ ಅದು ಹಳೆಯ ಪೇಪರ್ ಕಟ್ಟಿನ ಜೊತೆ ರದ್ದಿಗೆ ಹೋಯಿತು. ಯಾರ ತಪ್ಪೂ ಅಲ್ಲ, ನಾನು ಎತ್ತಿಡಲಿಲ್ಲ ಅಷ್ಟೇ. ಈಗಲೂ ಯಾವುದಾದರೂ ಎರಡು ಸ್ಟ್ರೋಕ್ ಗಾಡಿ ಬಿಸಿಲಿಗೆ ಸರಿ ಓಡದಿದ್ದರೆ ನನ್ನ ಕೈ ಆ ಪುಸ್ತಕ ಇದ್ದ ಕಪಾಟಿನ ಕಡೆಗೆ ಹೋಗುತ್ತದೆ.

ಈಗ ಹನುಮಂತನಗರದ ಆ ಆರ್‌ಡಿ ಮಾಲೀಕರ ವಿಷಯ ಹೇಳಬೇಕು. ಮೇಲೆ ತೊಂಬತ್ತೆರಡರಲ್ಲಿ ಕೊಟ್ಬಿಟ್ಟೆ ಅಂದವರು ಅವರೇ. ಆರ್‌ಡಿ 350 ಅಂದರೆ ರಾಜದೂತ್ 350, 347 ಸಿಸಿ, ಎರಡು ಸಿಲಿಂಡರ್. 80ರ ದಶಕದಲ್ಲಿ ಎಸ್ಕಾರ್ಟ್ಸ್‌ನವರು ತಯಾರಿಸಿದ್ದು. ಇವರದು ಹೈ ಟಾರ್ಕ್ ಅನ್ನುವ ಮಾದರಿ, ಮೂವತ್ತು ಅಶ್ವಶಕ್ತಿಯದು. ಅಷ್ಟು ಪೆಟ್ರೋಲ್ ಕುಡಿಯುವ ಗಾಡಿ ಆಗ ಯಾರಿಗೂ ಬೇಡವಾಗಿತ್ತು, ಸ್ಪೇರ್ಸ್ ಬೇರೆ ದುಬಾರಿ. ಅಂಥ ಕಾಲದಲ್ಲಿ ಸೈಟಿನ ಕಂತಿಗೆ ಕೊಟ್ಟುಬಿಟ್ಟರು.

ಅವರಿಗೆ ಈಗ ಅರವತ್ತೆಂಟು ವರ್ಷ. ಹತ್ತು ವರ್ಷ ಹುಡುಕಿ ತಮಿಳುನಾಡಿನ ಸೇಲಂನಲ್ಲಿ ಒಂದು ಗಾಡಿ ಪತ್ತೆ ಮಾಡಿದರು. ಟಿಎನ್ ನಂಬರ್. ಬೆಂಗಳೂರಿನಿಂದ ಬಂದ ಗಾಡಿ, ಶೋಲವರಂನಲ್ಲಿ ಓಡಿದ್ದು ಅಂತ ಮಾರುವವರು ಹೇಳಿದರು. ಕಾಗದ ಸರಿ ಇತ್ತು, ಆರ್‌ಸಿಯಲ್ಲಿ ಇರುವುದೂ ಗಾಡಿಯ ಮೇಲಿರುವುದೂ ಹೊಂದುತ್ತಿತ್ತು. ಇವರು ಕೊಂಡರು. ನನ್ನ ಗ್ಯಾರೇಜಿಗೆ ತಂದು, "ಇದು ನನ್ನದೇ ಅಲ್ವಾ?" ಅಂತ ಕೇಳಿದರು. ನಾನು ಏನು ಹೇಳಲಿ? ಅವರದರ ಚಾಸಿ ನಂಬರ್ ಅವರ ಬಳಿ ಇಲ್ಲ. ಹೌದು ಅನ್ನಲೂ ಆಗದು, ಅಲ್ಲ ಅನ್ನಲೂ ಆಗದು. ಎರಡು ವರ್ಷ ಅವರು ಬಂದಾಗಲೆಲ್ಲ ಅದೇ ಪ್ರಶ್ನೆ. ಒಮ್ಮೆ ಕೇಳದೆ ಸುಮ್ನೆ ಗಾಡಿಯ ಪಕ್ಕ ಕೂತು ಎದ್ದು ಹೋದರು. ಆ ದಿನ ನನಗೆ ಊಟ ಸೇರಲಿಲ್ಲ.

ಕಳೆದ ದಸರಾ ಹೊತ್ತಿಗೆ ಬೊಂಬೆ ಇಳಿಸುವಾಗ ಅವರ ಮನೆಯವರಿಗೆ ಅಟ್ಟದಲ್ಲಿ ಒಂದು ಹಳೆಯ ಫೈಲ್ ಸಿಕ್ಕಿತು. ಒಳಗೆ 1988ರ ಇನ್ಶೂರೆನ್ಸ್ ಪಾಲಿಸಿ. ಮಡಿಕೆಯಲ್ಲಿ ಹರಿದಿತ್ತು, ಆದರೆ ಟೈಪ್ ಮಾಡಿದ ಅಂಕಿಗಳು ಚೆನ್ನಾಗಿ ಕಾಣುತ್ತಿದ್ದವು. ಇಬ್ಬರೂ ಆಟೋದಲ್ಲಿ ಬಂದರು. ನಾನು ಗಾಡಿ ಹೊರಗೆ ತಳ್ಳಿ, ಹ್ಯಾಂಡಲ್ ತಿರುಗಿಸಿ, ಒಂದೊಂದೇ ಅಂಕಿ ಓದಿದೆ. ಅವರ ಹೆಂಡತಿ ಕಾಗದ ಹಿಡಿದು ಓದಿದರು. ನಾಲ್ಕನೇ ಅಂಕಿಗೇ ತಪ್ಪಿತು.

"ಫ್ರೇಮ್ ನಿಮ್ಮದಲ್ಲ ಸಾರ್," ಅಂದೆ.

ಅವರು ಏನೂ ಅನ್ನಲಿಲ್ಲ. ಅವರ ಹೆಂಡತಿಯೇ, "ಇನ್ನೊಂದು ನಂಬರ್ ಇದೆಯಲ್ಲ, ಅದನ್ನೂ ನೋಡಿ," ಅಂದರು. ಎಂಜಿನ್ ನಂಬರ್. ಅದನ್ನು ಓದಿದೆ. ಹೊಂದಿತು. ಮತ್ತೊಮ್ಮೆ ಓದಿದೆ. ಎಲ್ಲ ಅಂಕಿಯೂ ಹೊಂದಿತು. ಆಮೇಲೆ ಆರ್‌ಸಿ ತೆಗೆದು ಸರಿಯಾಗಿ ನೋಡಿದರೆ, ಎಂಜಿನ್ ಬದಲಾಯಿಸಿದ್ದಕ್ಕೆ ಅಲ್ಲಿನ ಆರ್‌ಟಿಒ ಹಾಕಿದ ಷರಾ ಒಂದು ಮೂಲೆಯಲ್ಲಿ ಇತ್ತು. ಅವರ ಬೈಕಿನ ಎಂಜಿನ್ನನ್ನು ಯಾರೋ ಬಿಚ್ಚಿ, ಅಲ್ಲಿದ್ದ ಇನ್ನೊಂದು ಆರ್‌ಡಿಗೆ ಹಾಕಿದ್ದರು. ಅವರ ಫ್ರೇಮ್ ಎಲ್ಲಿದೆಯೋ. ಇಷ್ಟು ದಿನ ನಾನು ಹೇಳಿಕೊಂಡು ಬಂದ ಲೆಕ್ಕದ ಪ್ರಕಾರ ಇದು ಅವರ ಗಾಡಿ ಅಲ್ಲ. ಅದನ್ನೂ ಅವರಿಗೆ ಹೇಳಿದೆ. ಹೇಳಲೇಬೇಕಿತ್ತು.

"ಸಿಲಿಂಡರ್ ಬಿಚ್ಚಿ ನೋಡೋಣ್ವಾ?" ಅಂದರು.

ಎರಡು ಹೆಡ್ ತೆಗೆದು, ಬಲಗಡೆಯ ಸಿಲಿಂಡರ್ ಬ್ಯಾರಲ್ ಎತ್ತಿ ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ತೋರುಬೆರಳನ್ನು ಎಕ್ಸಾಸ್ಟ್ ಪೋರ್ಟಿನ, ಅಂದರೆ ಹೊಗೆ ಹೊರಹೋಗುವ ಕಿಂಡಿಯ, ಒಳಗೆ ಹಾಕಿ, ಮೇಲಿನ ಅಂಚಿನ ಮೇಲೆ ನಿಧಾನಕ್ಕೆ ಆಡಿಸಿದರು. ಕಂಪನಿಯ ಪೋರ್ಟ್ ಹಾಗಿರುವುದಿಲ್ಲ, ಅದು ಕೈಯಲ್ಲಿ ಅರ ಹಾಕಿ ಎತ್ತರಿಸಿದ್ದು. ಎಡ ಮೂಲೆಯಲ್ಲಿ ಅರ ಜಾರಿ ಒಂದು ಸಣ್ಣ ಗೀರು ಬಿದ್ದಿತ್ತು.

"ಎಂಬತ್ತಾರು," ಅಂದರು ಹೆಂಡತಿಗೆ. "ರೇಸಿನ ಹಿಂದಿನ ರಾತ್ರಿ. ಕರೆಂಟ್ ಹೋಗಿತ್ತು. ನೀನೇ ಲಾಟೀನು ಹಿಡಿದಿದ್ದೆ."